ಒಂದು ಪುಟ, ಸೋಮವಾರಕ್ಕೆ

‘ಸಂಸ್ಕೃತಿ, ಹೆರಿಗೆ, ನರ್ಸಿನ ಧರ್ಮ:
ನಿಮ್ಮ ಮಾತಿನಲ್ಲಿ ಒಂದು ಪುಟ, ಸೋಮವಾರಕ್ಕೆ’
ಎಂದು ಬೋರ್ಡಿನ ಮೇಲೆ ಬರೆದು ಹೋದರು ಮೇಡಂ.
ಶನಿವಾರ ರಾತ್ರಿ. ಕಲಬುರಗಿಯ ಸೆಕೆ.
ಹಾಸ್ಟೆಲಿನ ಮಾಳಿಗೆಯ ಮೇಲೆ ನಾವು ನಾಲ್ವರು.
ತಂತಿಗೆ ನೇತುಹಾಕಿದ ನಮ್ಮದೇ ಬಿಳಿ ಯೂನಿಫಾರ್ಮು
ಒಳಗೆ ಯಾರೂ ಇಲ್ಲದೆ ಡ್ಯೂಟಿಗೆ ನಿಂತಂತೆ.

ಸುವಾರ್ತಾ ಆಗಲೇ ಅರ್ಧ ಪುಟ ಬರೆದಿದ್ದಳು.
‘ಜೀವ ದೇವರದು’ ಎಂದು ಶುರುವಾಗಿ
‘ಆದರೆ’ ಎಂಬಲ್ಲಿ ನಿಂತಿತ್ತು.
ಆ ‘ಆದರೆ’ ಯಾರೆಂದು ನಮಗೆಲ್ಲ ಗೊತ್ತಿತ್ತು:
ಮಂಗಳವಾರ ವಾರ್ಡಿಗೆ ಬಂದ ಹುಡುಗಿ.
ಹತ್ತೊಂಬತ್ತು ಅಂತ ಬರೆಸಿದ್ದಳು ಚಿಕ್ಕಮ್ಮ,
ಹದಿನೈದು ಅನ್ನುತ್ತಿತ್ತು ಮಣಿಕಟ್ಟು.
ಆ ಮಣಿಕಟ್ಟು ಹಿಡಿದು ಬೆಳತನಕ ಕೂತವಳು
ಸುವಾರ್ತಾಳೇ.

“ಬಂಜಿ ಅಂತೀರಲ್ಲ, ಅದಕ್ಕ ಗಂಡಸರ ಶಬ್ದ ಏನದ?”
ನಿಖತ್ ಕೇಳಿದಳು.
ಹತ್ತನೆಯತ್ತೆಯಲ್ಲಿ ಕನ್ನಡಕ್ಕೆ ತೊಂಬತ್ತೇಳು ತಂದವಳು ನಾನು.
ಷಂಡ ಅಂದೆ.
“ಅದು ಜಗಳದಾಗ ಬೈಯೋದು. ಬಂಜಿ ಅನ್ನೋದು ವಿಳಾಸ.
ಬಂಜಿ ಮನಿ ಯಾವುದಂದ್ರ
ಓಣಿ ಮಂದಿ ನಮ್ಮ ಖಾಲಾನ ಬಾಗಿಲ ತೋರಸ್ತಿದ್ರು.
ಖಾಲೂನ ಬಾಗಿಲೂ ಅದೇ ಇತ್ತು.”

ಹೆಸರುಗಳ ಮಾತು ಹಾಗೇ ಬೆಳೆಯಿತು.
ಪುಸ್ತಕದಲ್ಲಿ ಗರ್ಭಕೋಶ, ನಿಖತ್ ಮನೆಯಲ್ಲಿ ಬಚ್ಚೇದಾನಿ,
ನಮ್ಮ ಜೇವರ್ಗಿ ಕಡೆ ಬರೀ ಚೀಲ.
“ತೊಗರಿ ಚೀಲ, ಜೋಳದ ಚೀಲ, ಅದೂ ಒಂದು ಚೀಲ,”
ಅಂದು ನಾನೇ ನಕ್ಕೆ.
ಒಣಗಿದ ಯೂನಿಫಾರ್ಮು ಮಡಚುತ್ತಿದ್ದ ಪೂರ್ಣಿಮಾ
ತಲೆಯೆತ್ತದೆ ಅಂದಳು:
“ಚೀಲ ಅಂದಿದ್ದಕ್ಕೇ ತೆಗೆದ್ರು.”

“ನಮ್ಮ ಯಾಡಿಗಿ ಆಗ ಇಪ್ಪತ್ತೊಂಬತ್ತು.
ಬಿಳಿ ಹೋಗ್ತದಂತ ತೋರಸ್ಲಿಕ್ಕ ಹೋದಳು.
ಮಕ್ಕಳಾಗ್ಯಾವ, ಖಾಲಿ ಚೀಲ ಇಟಗೊಂಡು ಏನ್ಮಾಡ್ತಿ,
ನಾಳಿ ಕ್ಯಾನ್ಸರ್ ಆಗ್ತದ, ಅಂದ್ರಂತ.
ಮೂರು ಆಡು ಮಾರಿದ್ವಿ.
ತಾಂಡಾದಾಗ ಹಂಗ ತೆಗಸ್ಕೊಂಡವರು ಎಂಟು ಮಂದಿ,
ಒಂದೇ ಟಂಟಂದಾಗ ಹೋಗಿ ಬಂದಾರ.
ಈಗ ಮೂವತ್ತೆಂಟಕ್ಕ ಮೊಣಕಾಲು ಹಿಡಕೊಂಡು ಏಳ್ತಾಳ.”

“ಆ ಕಾಗದ ಇನ್ನೂ ಟ್ರಂಕಿನಾಗ ಅದ.
ನರ್ಸಿಂಗ ಸೇರಿದ ಮ್ಯಾಲ ಓದಿದೆ. ಇಂಗ್ಲಿಷು.
ನನಗ ತಿಳಿಯೋ ಭಾಷಾದಾಗ
ಎಲ್ಲಾ ಬಿಡಿಸಿ ಹೇಳ್ಯಾರ, ಅಂತ ಬರದದ.
ನಮ್ಮ ಮಾತು ಅಲ್ಲಿ ಯಾರಿಗೂ ಬರ್ತಿದ್ದಿಲ್ಲ.
ಹೇಳಿದವರು ಯಾರು?
ಕೆಳಗ ಯಾಡಿ ಹೆಬ್ಬೆಟ್ಟು. ನೀಲಿ.
ಒತ್ತಿದವರು ಅವಸರ ಮಾಡ್ಯಾರ, ಸ್ವಲ್ಪ ಜಾರ್ಯದ.”

ಸ್ಟೇಷನ್ ಕಡೆಯಿಂದ ಗಾಡಿಯೊಂದು ಕೂಗಿ ಸುಮ್ಮನಾಯಿತು.
ಹೋದ ವಾರ ಇಂಕಿನ ಪ್ಯಾಡು ಹಿಡಿದು
ಬೆಡ್ಡಿನಿಂದ ಬೆಡ್ಡಿಗೆ ಹೋಗಿದ್ದವಳು ನಾನು.
ಏಳು ಹೆಬ್ಬೆಟ್ಟು.
ಊಟದ ಬೆಲ್ಲಿಗೆ ಮುಂಚೆ ಮುಗಿಸಿದ್ದಕ್ಕೆ
ಭೇಷ್ ಅಂದಿದ್ದರು ಸಿಸ್ಟರ್.
ಅದನ್ನು ಅಲ್ಲಿ ಹೇಳಲಿಲ್ಲ.
ಬದಲಿಗೆ, “ಇದನ್ನೇ ಬರೀ, ಪೂರ್ಣಿಮಾ,” ಅಂದೆ,
ಬಹಳ ಒಳ್ಳೆಯವಳ ದನಿಯಲ್ಲಿ.

“ಹೆಂಗ ಬರೀತಾಳ?” ನಿಖತ್ ತಿರುಗಿಬಿದ್ದಳು.
“ಅವರವ್ವನ ಮಾತು ಅವರವ್ವಂದು.
ಒಮ್ಮೆ ಕೇಳದೇ ತಗೊಂಡಾರ.
ಈಗ ಇಕಿನೂ ಕೇಳದೇ ತಗೋಬೇಕೇನು?”
ಪೆನ್ನು ಬಿಟ್ಟಳು ಸುವಾರ್ತಾ.
ಹೌದಲ್ಲ, ಪುಟವೂ ಒಂದು ಮೇಜು,
ಮಲಗಿಸಿ ದೀಪ ಹಾಕುವ ಮುನ್ನ
ಹೆಸರು ಹಿಡಿದು ಕೇಳಬೇಕು.

ಹತ್ತೂವರೆಗೆ ತಾಂಡಾಕ್ಕೆ ಫೋನು ಹಚ್ಚಿದಳು.
ಸ್ಪೀಕರಿನಲ್ಲಿ ಗೋರಬೋಲಿ, ನಡುವೆ ನಾಯಿ, ಕೆಮ್ಮು,
ಆಮೇಲೆ ಉದ್ದಕ್ಕೆ ಒಂದು ನಗು.
ನಮಗೆ ಒಂದಕ್ಷರ ತಿಳಿಯಲಿಲ್ಲ.
ನಾವು ಮೂವರು ಪರಸ್ಪರ ಮುಖ ನೋಡುತ್ತ
ತಲೆ ಆಡಿಸುತ್ತಿದ್ದೆವು,
ಆ ಕಾಗದದ ಮುಂದೆ ಅವಳು ಆಡಿಸಿರಬಹುದಾದಂತೆ.

“ಬರೀ ಅಂದಳು,” ಫೋನಿಟ್ಟು ಪೂರ್ಣಿಮಾ ಹೇಳಿದಳು.
“ಹೆಸರೂ ಹಾಕು ಅಂದಳು, ಧಾನೀಬಾಯಿ ಅಂತ ಪೂರ್ತಿ.
ಆದ್ರ ಆಡಿನ ಮಾತು ಬಿಡಬ್ಯಾಡ ಅಂದಳು.
ಮಾರಿದ್ರಾಗ ಒಂದು ಗಬ್ಬ ಇತ್ತಂತ.”

ಅವಳು ದೀಪದ ಕಡೆ ಸರಿದು ಕೂತಳು.
ನಾನು ನನ್ನ ಹಾಳೆಯ ಮೇಲೆ
ಆ ಏಳು ಮಂದಿಯ ಹೆಸರು ಬರೆಯತೊಡಗಿದೆ.
ಮೂರಕ್ಕೆ ನಿಂತಿತು.